ಒಂದು ಚಿಟಿಕೆ ಸೋಡಾದ ಹಿಂದಿನ ಚರಿತ್ರೆ



ನಿಮ್ಮ ಮನೆಯ ಅಡಿಗೆಮನೆಯಲ್ಲಿ ಸೋಡಾಪುಡಿಯ ಸಣ್ಣ ಡಬ್ಬಿಯೊಂದು ಇರಬಹುದು. ಬೋಂಡಾ ಹಿಟ್ಟಿಗೆ ಒಂದು ಚಿಟಿಕೆ, ಕಡಲೆಕಾಳು ಬೇಗ ಬೇಯಲೆಂದು ಒಂದು ಚಿಟಿಕೆ. ಅಮ್ಮ ಅದನ್ನು ಅಳೆದು ಹಾಕುವುದನ್ನು ನೀವು ನೋಡಿರಲಾರಿರಿ. ರಾಜರ ಹೆಸರುಗಳಿಗೆ ಚರಿತ್ರೆಯ ಪುಸ್ತಕದಲ್ಲಿ ಸಿಗುವ ಜಾಗ ಇಂಥ ಪುಡಿಗೆ ಸಿಗುವುದಿಲ್ಲ. ಆದರೂ ತಾಯಿಯಿಂದ ಮಗಳಿಗೆ ಬಂದ ಒಂದು ತಿಂಡಿಯನ್ನು ಈ ಪುಡಿ ಹೇಗೆ ಬದಲಿಸಿತು ಎಂಬುದು ಕೇಳಬೇಕಾದ ಸಂಗತಿ. ಅದಕ್ಕಾಗಿ ನಾವು ಅಮೆರಿಕಕ್ಕೆ ಹೋಗಬೇಕು.

ಇಂದಿನ ನ್ಯೂಯಾರ್ಕ್ ನಗರವನ್ನು 1664ರಲ್ಲಿ ಇಂಗ್ಲಿಷರು ವಶಪಡಿಸಿಕೊಳ್ಳುವವರೆಗೆ ಅದು ಡಚ್ಚರ ವಸಾಹತಾಗಿತ್ತು; ಹೆಸರು ನ್ಯೂ ಆಮ್‌ಸ್ಟರ್‌ಡಾಮ್. ಡಚ್ ಮನೆಗಳಲ್ಲಿ ಮಾಡುತ್ತಿದ್ದ ಸಣ್ಣ ಕೇಕಿಗೆ 'ಕೂಕ್ಯೆ' ಎನ್ನುತ್ತಿದ್ದರು. ಆಳುವವರು ಬದಲಾದರೂ ತಿಂಡಿ ಉಳಿಯಿತು, ಹೆಸರೂ ಉಳಿಯಿತು. ನಾವು ಇಂದು 'ಕುಕಿ' ಎನ್ನುವುದು ಅದನ್ನೇ.

ಹಿಟ್ಟು, ಬೆಣ್ಣೆ, ಸಕ್ಕರೆ ಕಲಸಿ ಸುಟ್ಟರೆ ಬಿಲ್ಲೆ ಗಟ್ಟಿಯಾಗುತ್ತದೆ. ಹಗುರವಾಗಬೇಕಾದರೆ ಒಳಗೆ ಗಾಳಿ ಸೇರಬೇಕು. ಆಗ ಇದ್ದ ದಾರಿಗಳು ಎರಡು. ಮೊದಲನೆಯದು ಯೀಸ್ಟ್, ಅಂದರೆ ಬಿಯರ್ ತಯಾರಿಸುವಾಗ ಸಿಗುವ ಹುದುಗು. ಅದು ಚಳಿಗೆ ಏಳದು, ಎದ್ದರೂ ಗಂಟೆಗಟ್ಟಲೆ ಕಾಯಿಸುತ್ತದೆ. ಎರಡನೆಯದು ಮೊಟ್ಟೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಅಡಿಗೆ ಪುಸ್ತಕಗಳಲ್ಲಿ ಕೇಕಿನ ಹಿಟ್ಟನ್ನು ಒಂದು ಗಂಟೆ ಕಾಲ ಕೈಯಿಂದ ಬಡಿಯಬೇಕೆಂಬ ಸೂಚನೆಗಳು ಸಿಗುತ್ತವೆ. ಬಡಿಯುತ್ತಿದ್ದ ಕೈಗಳು ಯಾರವು? ಮನೆಯ ಹೆಂಗಸರವು, ಕೆಲಸದ ಹುಡುಗಿಯರವು, ಅಮೆರಿಕದ ಅನೇಕ ಮನೆಗಳಲ್ಲಿ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರವು. 'ಹಿಂದಿನ ಕಾಲದ ರುಚಿಯೇ ರುಚಿ' ಎಂದು ಹೊಗಳುವವರು ಈ ಒಂದು ಗಂಟೆಯನ್ನು ಮರೆತುಬಿಡುತ್ತಾರೆ.

ಪರಿಹಾರ ಬಂದದ್ದು ಬೂದಿಯಿಂದ. ಕಾಡು ಕಡಿದು ಹೊಲ ಮಾಡುತ್ತಿದ್ದ ವಲಸಿಗರು ಮರಗಳನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ನೆನೆಸಿ, ಬಸಿದ ನೀರನ್ನು ಕಬ್ಬಿಣದ ಕಡಾಯಿಗಳಲ್ಲಿ ಬತ್ತಿಸುತ್ತಿದ್ದರು. ತಳದಲ್ಲಿ ಉಳಿಯುವ ಕಪ್ಪು ಕ್ಷಾರವೇ ಪೊಟ್ಯಾಷ್. ಅದನ್ನು ಮತ್ತೆ ಕಾಯಿಸಿ ಕಲ್ಮಶ ಸುಟ್ಟರೆ ಮುತ್ತಿನಂತೆ ಬಿಳುಪಾದ ಪುಡಿ ದೊರೆಯುತ್ತಿತ್ತು. ಅದು ಪರ್ಲ್ ಆಷ್. ಸಾಬೂನಿಗೂ ಗಾಜಿಗೂ ಇದು ಬೇಕಾಗಿದ್ದುದರಿಂದ ಹಡಗುಗಳಲ್ಲಿ ಇಂಗ್ಲೆಂಡಿಗೂ ಹೋಗುತ್ತಿತ್ತು. ಅದರ ಬೆಲೆ ಎಷ್ಟಿತ್ತೆಂದರೆ, 1790ರ ಜುಲೈ 31ರಂದು ಅಮೆರಿಕ ಸರ್ಕಾರ ಕೊಟ್ಟ ಮೊತ್ತಮೊದಲ ಪೇಟೆಂಟ್ ಈ ಕ್ಷಾರವನ್ನು ತಯಾರಿಸುವ ಹೊಸ ವಿಧಾನಕ್ಕೇ. ಪಡೆದವರು ಸ್ಯಾಮ್ಯುಯೆಲ್ ಹಾಪ್ಕಿನ್ಸ್. ರುಜು ಹಾಕಿದವರು ಜಾರ್ಜ್ ವಾಷಿಂಗ್ಟನ್.

ಆರು ವರ್ಷಗಳ ಬಳಿಕ, 1796ರಲ್ಲಿ, ಹಾರ್ಟ್‌ಫರ್ಡ್ ಪಟ್ಟಣದಲ್ಲಿ 'ಅಮೆರಿಕನ್ ಕುಕರಿ' ಎಂಬ ಚಿಕ್ಕ ಪುಸ್ತಕ ಅಚ್ಚಾಯಿತು. ಅಮೆರಿಕದವರೇ ರಚಿಸಿ ಅಲ್ಲೇ ಪ್ರಕಟವಾದ ಮೊದಲ ಅಡಿಗೆ ಪುಸ್ತಕವೆಂದು ಅದನ್ನು ಪರಿಗಣಿಸುತ್ತಾರೆ. ಲೇಖಕಿ ಅಮೀಲಿಯಾ ಸಿಮನ್ಸ್. ತನ್ನ ಹೆಸರಿನ ಕೆಳಗೆ 'ಅಮೆರಿಕದ ಅನಾಥೆ' ಎಂದು ಹಾಕಿಸಿಕೊಂಡಾಕೆ. ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸುವಷ್ಟು ವಿದ್ಯೆ ಆಕೆಗಿರಲಿಲ್ಲ. ಬರೆದುಕೊಡಲು ನಂಬಿದವರು ಬೇಡದ್ದನ್ನೂ ಸೇರಿಸಿದರೆಂದು ಆಕೆ ದೂರಿಕೊಂಡದ್ದೂ ಅಚ್ಚಾಗಿದೆ. ಆದರೆ ಮನೆಮನೆಯ ಹೆಂಗಸರ ಕೈಯಲ್ಲಿದ್ದ ಬೂದಿಯ ಗುಟ್ಟು ಅಚ್ಚಿನಲ್ಲಿ ಉಳಿದದ್ದು ಇಂಥ ಅಲ್ಪವಿದ್ಯೆಯ ಹೆಣ್ಣುಮಗಳಿಂದ.

ಆಕೆಯ ಕ್ರಿಸ್‌ಮಸ್ ಕುಕಿಯ ಲೆಕ್ಕ ನೋಡಿ. ಮೂರು ಪೌಂಡು, ಎಂದರೆ ಸುಮಾರು 1 ಕಿಲೋ 360 ಗ್ರಾಂ ಹಿಟ್ಟು. ಒಂದು ಪೌಂಡು ಬೆಣ್ಣೆ. ಒಂದೂವರೆ ಪೌಂಡು ಸಕ್ಕರೆ. ಒಂದು ಬಟ್ಟಲು ಹಾಲಿನಲ್ಲಿ ಕರಗಿಸಿದ ಮೂರು ಚಮಚ ಪರ್ಲ್ ಆಷ್. ಜೊತೆಗೆ ನೀವು ಊಹಿಸಲಾರದ ಒಂದು ವಸ್ತು: ಒಂದು ಬಟ್ಟಲು ಕೊತ್ತಂಬರಿ ಬೀಜದ ಪುಡಿ! ನಮ್ಮ ಸಾರಿನಪುಡಿಯ ಕೊತ್ತಂಬರಿ ಅಲ್ಲಿ ಸಿಹಿತಿಂಡಿಗೆ ಪರಿಮಳವಾಗಿತ್ತು. ಮೊಟ್ಟೆಯಿಲ್ಲ, ಬಡಿಯುವ ಕೆಲಸವಿಲ್ಲ. ಒಲೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಮೊದಲು ಗಟ್ಟಿಯಾಗಿದ್ದರೂ ಮಣ್ಣಿನ ಪಾತ್ರೆಯಲ್ಲಿ ಆರು ತಿಂಗಳಿಟ್ಟರೆ ಮೆತ್ತಗಾಗುತ್ತವೆ ಎಂಬ ಭರವಸೆಯೂ ಇದೆ.

ಆದರೆ ಪರ್ಲ್ ಆಷ್‌ಗೆ ಒಂದು ಕೆಟ್ಟ ಗುಣವಿತ್ತು. ಅದು ಪೊಟ್ಯಾಸಿಯಂ ಕಾರ್ಬೊನೇಟ್. ಹುಳಿ ಸಿಕ್ಕಿದರೆ ಮಾತ್ರ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳಿ ಸಾಲದಿದ್ದರೆ ಬೆಣ್ಣೆಯೊಡನೆ ಸೇರಿ ಸಾಬೂನಿನ ರುಚಿ ಕೊಡುತ್ತದೆ. ಸಾಬೂನು ತಯಾರಾಗುವುದೂ ಕ್ಷಾರ ಮತ್ತು ಕೊಬ್ಬಿನಿಂದಲೇ ಅಲ್ಲವೇ?

ಇದಕ್ಕೆ ಉತ್ತರ ಸೋಡಿಯಂ ಬೈಕಾರ್ಬೊನೇಟ್, ನಮ್ಮ ಅಡಿಗೆ ಸೋಡಾ. ಇದಕ್ಕೆ ಕಡಿಮೆ ಹುಳಿ ಸಾಕು. ಒಲೆಯ ಬಿಸಿಗೇ ಒಡೆದು ತಾನಾಗಿ ಅನಿಲ ಬಿಡುತ್ತದೆ. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಎಂಬ ಸಂಬಂಧಿಕರು ಅಡಿಗೆಮನೆಯಲ್ಲೇ ಇದನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಇದರ ಮೂಲ ಮರವಲ್ಲ, ಉಪ್ಪು. ಉಪ್ಪಿನಿಂದ ಸೋಡಾ ತೆಗೆಯುವ ದಾರಿಯನ್ನು 1791ರಲ್ಲಿ ಪೇಟೆಂಟ್ ಮಾಡಿಸಿದ್ದ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್, ಕ್ರಾಂತಿಯಲ್ಲಿ ಕಾರ್ಖಾನೆ ಕಳೆದುಕೊಂಡು 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ವಿಧಾನದ ಕಾರ್ಖಾನೆಗಳು ಇಂಗ್ಲೆಂಡಿನಲ್ಲಿ ಉಗುಳಿದ ಆಮ್ಲದ ಹೊಗೆ ಬೆಳೆಯನ್ನು ಸುಟ್ಟು, 1863ರಲ್ಲಿ ಅದನ್ನು ತಡೆಯಲು ಕಾಯಿದೆಯೇ ಬರಬೇಕಾಯಿತು. ಬಿಸ್ಕತ್ತು ಹಗುರವಾದದ್ದು ಪುಕ್ಕಟೆಯಾಗಿ ಅಲ್ಲ. 1861ರಲ್ಲಿ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ ಇನ್ನೂ ಅಗ್ಗದ ವಿಧಾನ ಕಂಡುಹಿಡಿದ ಮೇಲೆ ಸೋಡಾ ಬಡವರ ಮನೆಗೂ ತಲುಪಿತು. ನಮ್ಮ ದೇಶದಲ್ಲಿ ಸೋಡಾ ತಯಾರಿಕೆಗೆ ಹೆಸರಾದ ಗುಜರಾತಿನ ಮೀಠಾಪುರದ ಟಾಟಾ ಕೆಮಿಕಲ್ಸ್ ಸಂಸ್ಥೆ ಸ್ಥಾಪನೆಯಾದದ್ದು 1939ರಲ್ಲಿ.

ಅಜ್ಜಿಯ ಕುಕಿ ಇದರಿಂದ ಉತ್ತಮವಾಯಿತೇ? ಹಗುರವಾಯಿತು, ಬೇಗ ಕೆಂಪಗಾಯಿತು, ಕೈಗಳಿಗೆ ಬಿಡುವೂ ಸಿಕ್ಕಿತು. ನನ್ನ ಮಟ್ಟಿಗೆ ಆ ಬಿಡುವೇ ದೊಡ್ಡದು. ಆದರೆ ಆರು ತಿಂಗಳು ಕಾಯುವ ಕುಕಿ ಹೋಯಿತು, ಕೊತ್ತಂಬರಿಯ ಪರಿಮಳವೂ ಹೆಚ್ಚುಕಡಿಮೆ ಹೋಯಿತು. ಜರ್ಮನಿಯವರು ಮಾತ್ರ ಕ್ರಿಸ್‌ಮಸ್ಸಿನ ಜೇನು ಕೇಕಿಗೆ ಇಂದಿಗೂ ಪೊಟ್ಯಾಷ್ ಬಳಸುತ್ತಾರೆ. ನಮ್ಮಲ್ಲಿ ಹಪ್ಪಳದ ಹಿಟ್ಟಿಗೆ ಹಾಕುವ ಖಾರವೂ ಇದೇ ಕ್ಷಾರಗಳ ಬಳಗದ್ದು.

ಸಾಧ್ಯವಾದರೆ ಇಂದೇ ಒಂದು ಪ್ರಯೋಗ ಮಾಡಿ. ಎರಡು ಬಟ್ಟಲಲ್ಲಿ ಚಿಟಿಕೆ ಚಿಟಿಕೆ ಸೋಡಾ ಹಾಕಿ, ಒಂದಕ್ಕೆ ಹುಳಿಮಜ್ಜಿಗೆಯನ್ನೂ ಇನ್ನೊಂದಕ್ಕೆ ತಣ್ಣೀರನ್ನೂ ಸುರಿಯಿರಿ. ನೊರೆ ಯಾವುದರಲ್ಲಿ ಏಳುತ್ತದೆ ನೋಡಿ. ಆಮೇಲೆ ಎರಡನ್ನೂ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ.