ಆಧಾರಾಧೇಯ ವಿಚಾರವೂ ಜೀವಕೋಶವೂ

ಆಧಾರವು ಆಧೇಯವನ್ನು ಹೊರುವುದಷ್ಟೇ ಅಲ್ಲ, ಅದರ ನಡತೆಯನ್ನೂ ನಿಯಮಿಸುತ್ತದೆಂಬುದು ಜೀವಕೋಶಗಳ ವಿಷಯದಲ್ಲಿ ಕ್ರಮಕ್ರಮವಾಗಿ ಸಿದ್ಧವಾದ ಸಂಗತಿ. ಭ್ರೂಣದ ಕೋಶಗಳು ಜೇಡನ ನೂಲನ್ನು ಹಿಡಿದು ಅದರ ಗುಂಟ ಸಾಗುವುದನ್ನು ಅಮೆರಿಕೆಯ ರಾಸ್ ಹ್ಯಾರಿಸನ್ನನು 1914ರಲ್ಲಿ ವಿವರಿಸಿದನು. ಪಾಲ್ ವೈಸನು 1945ರಲ್ಲಿ ಇದನ್ನೇ ಸ್ಪರ್ಶದಿಂದಾಗುವ ಮಾರ್ಗದರ್ಶನವೆಂದು ನಿರೂಪಿಸಿದನು. ಜೀರುಂಡೆಯ ರೆಕ್ಕೆಯ ಮೇಲಣ ಅತಿಸೂಕ್ಷ್ಮ ಮೊನೆಗಳು ಯಾವ ವಿಷದ ನೆರವೂ ಇಲ್ಲದೆ ಬ್ಯಾಕ್ಟೀರಿಯವನ್ನು ಕೊಲ್ಲುವುವೆಂದು 2012ರಲ್ಲಿ ಆಸ್ಟ್ರೇಲಿಯದ ವಿದ್ವಾಂಸರು ತೋರಿಸಿದರು.

ಮೂಳೆಯಲ್ಲಿ ಕೂರಿಸಿದ ಲೋಹಕ್ಕೆ ಸೋಂಕು ತಗುಲಿದರೆ ಅದನ್ನು ಮರಳಿ ತೆಗೆಯಬೇಕಾಗಬಹುದು. ಆದುದರಿಂದ ಈ ವಿಚಾರವು ಕೇವಲ ಕುತೂಹಲದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಟೈಟೇನಿಯಂ ಲೋಹದ ಮೇಲೆ ಅಂತಹ ಮೊನೆಗಳನ್ನು ಕೊರೆದು, ಅಲ್ಲಿ ರೋಗಾಣುಗಳು ಸಾಯುವುದನ್ನೂ ಮನುಷ್ಯನ ಕಾಂಡಕೋಶಗಳು ಬದುಕಿ ನೆಲಸುವುದನ್ನೂ 2017ರಲ್ಲಿ ಪ್ರಕಟಿಸಿದರು. ಆಧಾರವೊಂದೇ, ಆಧೇಯಭೇದದಿಂದ ಫಲಭೇದ. ಆದರೂ ಗಾಜಿನ ಪಾತ್ರೆಯಲ್ಲಿ ಸಿದ್ಧವಾದುದು ಅಷ್ಟರಿಂದಲೇ ದೇಹದಲ್ಲಿಯೂ ಸಿದ್ಧವಾಯಿತೆಂದು ಎಣಿಸಲಾಗದು.