ಮಾತ್ರೆಯೂ ಹಿಮ್ಮಡಿಯ ನೋವೂ

ಔರಾದಿನ ನನ್ನ ಮಾಮು ಫಜರ್ ನಮಾಜಿಗೆ ಎದ್ದಾಗಲೆಲ್ಲ ಹಿಮ್ಮಡಿ ಹಿಡಿದು ಕೂರುತ್ತಿದ್ದರು. ಕೊಲೆಸ್ಟರಾಲ್ ಮಾತ್ರೆಯದೇ ಕಾಟವೆಂದು ಅದನ್ನು ತಾವಾಗಿಯೇ ಬಿಟ್ಟರು. ಅವರ ಅನುಮಾನಕ್ಕೂ ಒಂದು ಚರಿತ್ರೆಯಿದೆ.

1973ರಲ್ಲಿ ಜಪಾನಿನ ಅಕಿರಾ ಎಂಡೊ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಪಡೆದರು. 1987ರಲ್ಲಿ ಲೊವಾಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಈ ಮಾತ್ರೆಗಳು ಹೃದಯಾಘಾತ ತಡೆದು ಅಸಂಖ್ಯ ಜೀವ ಉಳಿಸಿವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನ ಮಾತು ಮಾತ್ರ ತಡವಾಗಿ ಎದ್ದಿತು. 1990ರಿಂದ 2005ರವರೆಗಿನ ದೂರುಗಳಲ್ಲಿ ಇಂಥ 96 ಪ್ರಕರಣಗಳನ್ನು ಫ್ರಾನ್ಸಿನ ವೈದ್ಯರು 2008ರಲ್ಲಿ ಪ್ರಕಟಿಸಿದರು, ಹಿಮ್ಮಡಿಯವೇ ಹೆಚ್ಚು. ಆದರೆ ದೂರು ತೀರ್ಪಲ್ಲ. ನಂತರದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಸ್ವತಃ ಕೊಲೆಸ್ಟರಾಲ್ ಕೂಡ ಸ್ನಾಯುರಜ್ಜುವನ್ನು ಕೆಡಿಸುತ್ತವೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳಿಗಾದರೋ ಅದೇ 2008ರಲ್ಲಿ ಅಮೆರಿಕ ಈ ಅಪಾಯದ ಕಟ್ಟೆಚ್ಚರಿಕೆ ಹಾಕಿಸಿತು.

ಫ್ರಾನ್ಸಿನಲ್ಲಿ ಸತ್ಯದ ಹುಡುಕಾಟ ಶುರುವಾದದ್ದು ರೋಗಿಗಳ ನೋವನ್ನು ಯಾರೋ ಬರೆದಿಟ್ಟಿದ್ದರಿಂದ. ನಮ್ಮಲ್ಲೂ 2010ರಿಂದ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಯೋಜನೆಯಿದೆ. 1800-180-3024ಕ್ಕೆ ರೋಗಿಯೇ ಕರೆ ಮಾಡಬಹುದು. ಔರಾದ್, ಭಾಲ್ಕಿಯಿಂದ ಬಸ್ಸು ಹತ್ತಿ ಬೀದರಿನ ಆಸ್ಪತ್ರೆಗೆ ಬರುವವರು ಬಾಯಿ ಬಿಡದಿದ್ದರೆ ಈ ಚರಿತ್ರೆಯಲ್ಲಿ ನಮ್ಮ ಪುಟ ಖಾಲಿಯೇ ಉಳಿಯುತ್ತದೆ.

ಮಾಮು, ಮಾತ್ರೆ ಬಿಡುವುದಕ್ಕೆ ಮೊದಲು ಡಾಕ್ಟರರಿಗೆ ನೋವು ಹೇಳಿ.