ಲೇಯರ್ ಮಾಸ್ಕ್

ಡಿಜಿಟಲ್ ಚಿತ್ರ ಸಂಪಾದನೆಯಲ್ಲಿ ಒಂದು ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ನಿರ್ಧರಿಸುವ ಕಪ್ಪು-ಬಿಳುಪು ಚಿತ್ರವೇ ಲೇಯರ್ ಮಾಸ್ಕ್. ಹಲವು ಛಾಯಾಚಿತ್ರಗಳನ್ನು ಬೆಸುಗೆ ಕಾಣದಂತೆ ಒಂದಾಗಿಸಲು ಇದು ಮುಖ್ಯ ಸಾಧನ. ಅಡೋಬಿ ಫೋಟೊಶಾಪ್‌ಗೆ ಪದರಗಳು ಬಂದದ್ದು 1994ರ 3.0 ಆವೃತ್ತಿಯಲ್ಲಿ. ಉಚಿತ ತಂತ್ರಾಂಶವಾದ ಗಿಂಪ್‌ನಲ್ಲೂ ಈ ಸೌಲಭ್ಯವಿದೆ.

ಕಾರ್ಯವಿಧಾನ: ಮಾಸ್ಕ್ ಬಿಳಿಯಾಗಿರುವಲ್ಲಿ ಮೇಲಿನ ಪದರ ಪೂರ್ತಿ ಕಾಣುತ್ತದೆ, ಕಪ್ಪಾಗಿರುವಲ್ಲಿ ಅದು ಮರೆಯಾಗಿ ಕೆಳಗಿನ ಪದರ ತೋರುತ್ತದೆ, ಬೂದು ಇರುವಲ್ಲಿ ಎರಡೂ ಬೆರೆಯುತ್ತವೆ. 8 ಬಿಟ್ ಮಾಸ್ಕ್‌ನಲ್ಲಿ 0ಯಿಂದ 255ರವರೆಗೆ 256 ಹಂತಗಳಿದ್ದು, 128ರ ಹಂತದಲ್ಲಿ ಎರಡು ಚಿತ್ರಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿ ಸೇರುತ್ತವೆ. ಅಳಿಸುವ ಸಾಧನ ಪಿಕ್ಸೆಲ್‌ಗಳನ್ನೇ ತೆಗೆದುಹಾಕುತ್ತದೆ. ಮಾಸ್ಕ್ ಅವನ್ನು ಮರೆಮಾಡುತ್ತದೆ ಅಷ್ಟೇ. ಮತ್ತೆ ಬಿಳಿ ಬಳಿದರೆ ಮರೆಯಾದ ಭಾಗ ಹಾಗೆಯೇ ಮರಳುತ್ತದೆ.

ಬಳಕೆ: ಸೂರ್ಯಾಸ್ತದ ದೃಶ್ಯದಲ್ಲಿ ಆಕಾಶಕ್ಕೆ ಸರಿಹೊಂದುವ ಎಕ್ಸ್‌ಪೋಶರ್ ನೆಲವನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ನಿಲ್ಲಿಸಿ, ಆಕಾಶಕ್ಕೊಂದು ನೆಲಕ್ಕೊಂದು ಎಕ್ಸ್‌ಪೋಶರ್‌ನಲ್ಲಿ ಎರಡು ಚಿತ್ರ ತೆಗೆದು, ಒಂದರ ಮೇಲೊಂದು ಇರಿಸಲಾಗುತ್ತದೆ. ಮೇಲಿನ ಪದರದ ಮಾಸ್ಕ್‌ನಲ್ಲಿ ಕಪ್ಪಿನಿಂದ ಬಿಳಿಗೆ ಸಾಗುವ ಗ್ರೇಡಿಯಂಟ್ ಎಳೆದರೆ ದಿಗಂತದ ಬಳಿ ಎರಡೂ ನಯವಾಗಿ ಕೂಡುತ್ತವೆ. ಮರ, ಗೋಪುರಗಳ ಅಂಚನ್ನು ಮೃದು ಬ್ರಷ್‌ನಿಂದ ತಿದ್ದಲಾಗುತ್ತದೆ. ಬೇರೆ ಬೇರೆ ಸ್ಥಳಗಳ ಚಿತ್ರಗಳನ್ನು ಬೆಸೆಯುವಾಗ ಬೆಳಕಿನ ದಿಕ್ಕು, ಬಣ್ಣದ ಛಾಯೆ ಮತ್ತು ದೃಷ್ಟಿಕೋನ ಹೊಂದಬೇಕು. ಇಲ್ಲವಾದರೆ ಅಂಚು ಎಷ್ಟೇ ನಯವಾಗಿದ್ದರೂ ಜೋಡಣೆ ಎದ್ದು ಕಾಣುತ್ತದೆ.

ಹಿನ್ನೆಲೆ: ಈ ಕಲ್ಪನೆಯ ಬೇರು ಡಾರ್ಕ್‌ರೂಮಿನಲ್ಲಿದೆ. ಛಾಯಾಗ್ರಾಹಕ ಆಸ್ಕರ್ ರೇಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೊಂದಾಗಿ ಮುದ್ರಿಸಿ, ಉಳಿದ ಭಾಗವನ್ನು ಬೆಳಕಿನಿಂದ ಮರೆಮಾಡುತ್ತ, ಒಂದೇ ಚಿತ್ರ ರಚಿಸಿದ್ದರು.